ಬೀಗರ ಮನೆಯ ಮದ್ದು

2022ನೇ ಇಸವಿಯ ಶ್ರಾವಣ. ನಾಗರಪಂಚಮಿಯ ಮಾರನೇ ದಿನ ನಾವು ಮಗಳ ಮದುವೆ ವಿಚಾರವಾಗಿ ಗಂಡಿನ ಮನೆ ನೋಡಲು ವೀರನಹೊಸಹಳ್ಳಿಗೆ ಹೋಗಿದ್ದೆವು. ಈಗಲೂ ಪ್ರತಿ ವರ್ಷ ಹುತ್ತಕ್ಕೆ ತನಿ ಎರೆದು ಮನೆಗೆ ಬಂದ ಕೂಡಲೇ ಅದು ನೆನಪಾಗಿ ಒಬ್ಬಳೇ ನಗುತ್ತೇನೆ. ಆಗ ಮಾತ್ರ ನಗು ಬಂದಿರಲಿಲ್ಲ, ಜೀವ ಬಾಯಿಗೆ ಬಂದಿತ್ತು.

ನಮ್ಮದು ಕಂಪಲಾಪುರದ ಹತ್ತಿರದ ಹಳ್ಳಿ. ಹೊಗೆಸೊಪ್ಪು, ರಾಗಿ ಬೆಳೆಯುವ ಮನೆ. ಒಬ್ಬಳೇ ಮಗಳು ಪವಿತ್ರ, ಹುಣಸೂರಿನ ಒಂದು ಶಾಲೆಯಲ್ಲಿ ಟೀಚರ್. ಆ ಶಾಲೆಯಿಂದ ಸ್ವಲ್ಪ ದೂರದಲ್ಲಿ ಮಧು ಅನ್ನುವ ಹುಡುಗ ಒಂದು ನರ್ಸರಿ ಇಟ್ಟಿದ್ದ. ಎಲ್ಲರ ಹಾಗೆ ಸಿಲ್ವರ್ ಓಕ್, ತೇಗ, ತೆಂಗಿನ ಸಸಿಯ ಜೊತೆಗೆ ಕಾಡಿನ ಗಿಡಗಳನ್ನೂ ಬೆಳೆಸುತ್ತಿದ್ದ. ಹೊನ್ನೆ, ಅಳಲೆ, ಮುತ್ತುಗ, ಕುಂಕುಮದ ಮರ, ಹೀಗೆ ಬಣ್ಣಕ್ಕೂ ಮದ್ದಿಗೂ ಹಿಂದಿನವರು ಬಳಸುತ್ತಿದ್ದ ಗಿಡಗಳು. ಪವಿತ್ರ ಒಂದು ಸಲ ಶಾಲೆಯ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಗಿಡ ನೋಡಲು ಹೋದಳು. ಆಮೇಲೆ ಮಕ್ಕಳನ್ನು ಬಿಟ್ಟು ತಾನೊಬ್ಬಳೇ ಗಿಡ ನೋಡಲು ಹೋಗತೊಡಗಿದಳು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಯಜಮಾನರು ಒಂದು ವರ್ಷ ಒಪ್ಪಲಿಲ್ಲ. "ಕಾಡುಗಿಡ ಮಾರೋನ್ಗೆ ಮಗಳ ಕೊಡದಾ? ಕಾಡಲ್ಲಿ ಪುಕ್ಕಟೆ ಬೆಳೆಯದ ದುಡ್ ಕೊಟ್ಟು ಯಾರ್ ತಗತಾರೆ?" ಅನ್ನುವುದು ಅವರ ವಾದ. ಪವಿತ್ರ ಜಗಳ ಆಡಲಿಲ್ಲ, ಊಟ ಬಿಡಲಿಲ್ಲ. ಬಂದ ಬೇರೆ ಗಂಡುಗಳಿಗೆಲ್ಲ ನಗುನಗುತ್ತಾ ಕಾಫಿ ಕೊಟ್ಟು, ಅವರು ಹೋದ ಮೇಲೆ "ಬೇಡ ಅಪ್ಪ" ಅನ್ನುತ್ತಿದ್ದಳು, ಅಷ್ಟೆ. ಕೊನೆಗೆ ಯಜಮಾನರೇ ಸೋತು, "ಮನೆ ನೋಡ್ಕಂಡ್ ಬರವಾ, ಆಮೇಲೆ ಮಾತು" ಅಂದರು.

ಹೊರಟವರು ಮೂವರು. ಯಜಮಾನರು, ನಾನು, ಯಜಮಾನರ ಅಕ್ಕ. ಅವರು ಕೆ.ಆರ್. ನಗರದಿಂದ ಇದಕ್ಕೆಂದೇ ಬಂದಿದ್ದರು. ನಾನು ಅವರನ್ನು ಅತ್ತಿಗೆ ಅನ್ನುವುದು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ತಮ್ಮನನ್ನು ಕಂಕುಳಲ್ಲಿ ಹೊತ್ತು ಸಾಕಿದವರು. ತಮ್ಮನ ಮೇಲೆ ಅವರಿಗೆ ಪ್ರಾಣ. ಲೋಕದ ಮೇಲೆ ಅಷ್ಟೇ ಅನುಮಾನ. ಅಂಗಡಿಯವನು ಒಂದು ಬಾಳೆಹಣ್ಣು ಜಾಸ್ತಿ ಕೊಟ್ಟರೂ ಯಾಕೆ ಕೊಟ್ಟ ಅಂತ ಯೋಚಿಸುವ ಹೆಂಗಸು.

ಮಧುವಿನ ಮನೆ ಊರ ಕೊನೆಯಲ್ಲಿ, ಕಾಡಿನ ಕಡೆಗೆ. ಅವನ ಅಪ್ಪ ಚೆಲುವೇಗೌಡರು ಮಾತು ಕಡಿಮೆ, ನಗು ಜಾಸ್ತಿ. ತಾಯಿ ಕಾವೇರಮ್ಮನವರ ತವರು ಕೊಡಗಿನ ಗೋಣಿಕೊಪ್ಪದ ಕಡೆ. ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಊಟಕ್ಕೆ ಕೂರಿಸಿದರು. ಎಲೆಯ ಮೇಲೆ ಎಲ್ಲ ನಮ್ಮ ಮನೆಯ ಅಡುಗೆಯಂತೆಯೇ ಇತ್ತು, ಒಂದು ಬಿಟ್ಟು. ಕಡೆಗೆ ಕಾವೇರಮ್ಮ ಬಟ್ಟಲಲ್ಲಿ ತಂದದ್ದು ಕಡು ನೇರಳೆ ಬಣ್ಣದ ಪಾಯಸ.

"ಏನವ್ವಾ ಇದು, ನೇರಳೆಹಣ್ಣಿನ ಪಾಯ್ಸವಾ?" ಅಂದರು ಯಜಮಾನರು.

"ಅಲ್ಲ ಅಣ್ಣ, ಮದ್ದು ಪಾಯಸ. ಇವತ್ತು ಕಕ್ಕಡ ಹದಿನೆಂಟು, ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ನಮ್ಮ ತವರು ಕಡೆ ಇವತ್ತು ಮದ್ದು ಸೊಪ್ಪು ತಿನ್ನಲೇಬೇಕು. ಹದಿನೆಂಟು ಥರದ ಮದ್ದು ಆ ಒಂದು ಗಿಡಕ್ಕೆ ಇಳಿದಿರುತ್ತೆ ಅಂತಾರೆ. ವರ್ಷಕ್ಕೆ ಒಂದೇ ದಿನ."

"ನಮ್ ಕಡೆ ಸೊಪ್ಪು ಅಂದ್ರೆ ಒಂದೇ ಕಣವ್ವಾ, ಸೇದೋ ಸೊಪ್ಪು!" ಅಂತ ಯಜಮಾನರು ನಗೆಯಾಡಿದರು. ಬಾಯಿಗಿಟ್ಟ ಮೇಲೆ ಮಾತು ನಿಂತಿತು. ಬೆಲ್ಲ, ತೆಂಗಿನಹಾಲು, ಅಕ್ಕಿ, ಅದರ ಜೊತೆ ಯಾವುದೋ ಕಾಡಿನ ಘಮ. ಮತ್ತೆ ಮತ್ತೆ ಹಾಕಿಸಿಕೊಂಡರು. ನನಗೆ ಶುಗರ್ ಇರುವುದರಿಂದ ಒಂದು ಚಮಚ ರುಚಿ ನೋಡಿ ಬಿಟ್ಟೆ. ಅತ್ತಿಗೆ ಮಾತ್ರ ಬಟ್ಟಲನ್ನು ಮುಟ್ಟಲೇ ಇಲ್ಲ. "ನಂಗೆ ಸೀ ಆಗಕ್ಕಿಲ್ಲ" ಅಂದರು. ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿದರೂ ಸಾಲದು ಅನ್ನುವ ಅತ್ತಿಗೆ! ಅವರ ಮನಸ್ಸು 'ಮದ್ದು' ಅನ್ನುವ ಮಾತಿನ ಮೇಲೇ ನಿಂತುಬಿಟ್ಟಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಊಟ ಆದ ಮೇಲೆ ಮಧು ನಮಗೆ ಹಿತ್ತಲಲ್ಲಿ ಆ ಗಿಡ ತೋರಿಸಿದ. ಹಲಸಿನ ಮರದ ಕೆಳಗೆ, ನೆರಳಲ್ಲಿ, ಮೊಣಕಾಲುದ್ದದ ಪೊದೆ. ನೋಡಿದರೆ ಏನೂ ವಿಶೇಷ ಇಲ್ಲ. "ಕಾಡಂಚಿನ ಗಿಡ ಅಮ್ಮ. ಬೇರೆ ದಿನದಲ್ಲಿ ಮುರಿದು ಮೂಸಿದ್ರೂ ವಾಸನೆ ಬರಲ್ಲ. ಈ ಒಂದಿಷ್ಟು ದಿನ ಮಾತ್ರ ಘಮ್ ಅಂತದೆ" ಅಂದ. ಕಾವೇರಮ್ಮ ಮದುವೆಯಾಗಿ ಬಂದ ವರ್ಷ ತವರಿನಿಂದ ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನೆಟ್ಟ ಕಡ್ಡಿಯಿಂದ ಬೆಳೆದದ್ದಂತೆ. "ಕಾಡಿಗೆ ಹೋಗಿ ಕೀಳೋ ಹಂಗಿಲ್ಲವಲ್ಲ ಈಗ. ಅದಕ್ಕೇ ಕಾಡನ್ನೇ ಹಿತ್ತಲಿಗೆ ಕರ್ಕೊಂಡು ಬಂದೆ" ಅಂದರು ಅವರು. ನನಗೆ ಆ ಮಾತು ಬಹಳ ಹಿಡಿಸಿತು. ನಾವೂ ಹೆಣ್ಣುಮಕ್ಕಳು ತವರಿಂದ ಹಾಗೇ ಬರುವವರಲ್ಲವೇ ಅನ್ನಿಸಿತು. ಹೊರಡುವಾಗ ಒಂದು ಸ್ಟೀಲ್ ಡಬ್ಬಿಗೆ ಪಾಯಸ ತುಂಬಿ, ಬಿಳಿ ಟವೆಲ್‌ನಲ್ಲಿ ಕಟ್ಟಿ, "ಹುಡುಗಿಗೆ ಕೊಡಿ" ಅಂತ ನನ್ನ ಕೈಗಿಟ್ಟರು. ದಾರಿಯಲ್ಲಿ ಯಜಮಾನರು "ಜನ ಒಳ್ಳೇರು ಕಣೆ" ಅಂದಾಗ ನನಗೆ ಅರ್ಧ ಮದುವೆ ಆದಷ್ಟು ಸಂತೋಷವಾಯಿತು.

ಮಾರನೇ ದಿನ ಬೆಳಿಗ್ಗೆ ಯಜಮಾನರು ಹಿತ್ತಲಿಂದ ಒಳಗೆ ಬಂದವರು ಕಂಬಕ್ಕೆ ಒರಗಿ ಕೂತರು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ನಲ್ಲಿ ರಾತ್ರಿಯೆಲ್ಲ ಸೊಪ್ಪು ಬೇಯುತ್ತಿತ್ತು. ಬೆಂಕಿ ಕಾಯ್ದು ನಿದ್ದೆ ಕೆಟ್ಟಿರಬೇಕು ಅಂದುಕೊಂಡೆ. ಕಾಫಿ ಕೊಟ್ಟರೆ ಲೋಟವನ್ನು ಪಕ್ಕಕ್ಕೆ ಇಟ್ಟುಬಿಟ್ಟರು.

"ಏನಾಯ್ತು ಅಂತ ಹೇಳ್ರೀ" ಅಂದೆ.

ಗೋಡೆ ನೋಡುತ್ತಾ ಹೇಳಿದರು. "ರಕ್ತ ಹೋಯ್ತಾ ಅದೆ ಕಣೆ, ಒಂದಕ್ಕೆ ಹೋದ್ರೆ. ಕೆಂಪಗೆ. ನಮ್ಮಪ್ಪಂಗೂ ಇಂಗೇ ಶುರುವಾಗಿದ್ದು."

ನನ್ನ ಮಾವನವರು ಆ ಕಾಯಿಲೆಯಲ್ಲೇ ನವೆದು ಹೋದವರು. ಮದುವೆಯಾದ ಹೊಸತರಲ್ಲಿ ನಾನೇ ಅವರಿಗೆ ಗಂಜಿ ಕುಡಿಸಿದ್ದೆ. ಆಸ್ಪತ್ರೆಗೆ ಹೋಗೋಣ ಅನ್ನುವಷ್ಟರಲ್ಲಿ ಒಳಗಿನಿಂದ ಅತ್ತಿಗೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು.

"ಆಸ್ಪತ್ರೆ ಯಾಕ್ಲಾ? ಮದ್ದು ಹಾಕವ್ರೆ ಕಣ್ಲಾ ನಿಂಗೆ! ಅವ್ರ್ ಬಾಯಲ್ಲೇ ಬಂತಲ್ಲ, ಮದ್ದು ಪಾಯ್ಸ, ಮದ್ದು ಪಾಯ್ಸ ಅಂತ! ನೀನೋ ಅಮೃತ ಕುಡ್ದಂಗೆ ಕುಡ್ದೆ!"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮದ್ದು ಅಂದರೆ ಔಷಧಿಯೂ ಹೌದು. ಆದರೆ 'ಮದ್ದು ಹಾಕಿದ್ದಾರೆ' ಅಂದರೆ ಬೇರೆಯೇ. ಊಟದಲ್ಲಿ ಏನೋ ಬೆರೆಸಿ ತಿನ್ನಿಸಿ ತಮ್ಮ ಮಾತಿಗೆ ಬಗ್ಗಿಸಿಕೊಳ್ಳುವುದು, ಇಲ್ಲವೇ ನವೆಸಿ ಕೊಲ್ಲುವುದು. ಅದನ್ನು ಕಕ್ಕಿಸಿ ತೆಗೆಯುತ್ತೇವೆ ಅನ್ನುವವರೂ ಇದ್ದಾರೆ. ಒಂದು ವರ್ಷ ಬೇಡ ಅಂದ ಗಂಡಸು ಒಂದು ಊಟಕ್ಕೆ "ಜನ ಒಳ್ಳೇರು" ಅಂದಿದ್ದೇ ಅತ್ತಿಗೆಗೆ ದೊಡ್ಡ ಸಾಕ್ಷಿಯಾಯಿತು.

ಯಜಮಾನರು ಹೆದರಿ ಹೋಗಿದ್ದರು. ಹೆದರಿದ ಮನುಷ್ಯನಿಗೆ ಯಾವ ಮಾತೂ ನಿಜ ಅನ್ನಿಸುತ್ತದೆ. ಫೋನ್ ತೆಗೆದು ಚೆಲುವೇಗೌಡರಿಗೆ ಮಾಡಿಯೇಬಿಟ್ಟರು. "ಗೌಡ್ರೆ, ಈ ಸಂಬಂಧ ಬ್ಯಾಡ. ಯಾಕೆ ಅಂತ ಕೇಳ್ಬೇಡಿ, ನಿಮ್ಗೇ ಗೊತ್ತು." ಆ ಕಡೆಯಿಂದ ಗೌಡರು ಏನೋ ಕೇಳುತ್ತಲೇ ಇದ್ದರು. ಇವರು ಇಟ್ಟುಬಿಟ್ಟರು. ಶಾಲೆಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಪವಿತ್ರ ಹಾಗೇ ನಿಂತಳು.

ನನಗೆ ಕೈ ಸುಮ್ಮನಿರಲಿಲ್ಲ. ಸಂಕಟ ಬಂದಾಗ ನಾನು ಬಟ್ಟೆ ಒಗೆಯುತ್ತೇನೆ, ಅದು ನನ್ನ ಜಾಯಮಾನ. ಹಿಂದಿನ ದಿನದ ಬಿಳಿ ಟವೆಲ್‌ಗೆ ಡಬ್ಬಿಯಿಂದ ಸೋರಿದ ಪಾಯಸದ ಕಲೆ ಆಗಿತ್ತು. ಬಕೆಟ್‌ಗೆ ಹಾಕಿ ನೀರು ಬಿಟ್ಟೆ. ಕಲೆ ನೀರಲ್ಲಿ ಬಿಡುತ್ತಾ ಬಿಡುತ್ತಾ ಬಕೆಟ್ ತುಂಬ ಕೆಂಪು. ನನ್ನ ತಲೆಯಲ್ಲಿ ಏನೋ ಹೊಳೆಯಿತು.

"ರೀ, ಬನ್ನಿ ಇಲ್ಲಿ! ಬೆಳಿಗ್ಗೆ ನೀವು ನೋಡಿದ್ದು ಇದೇ ಬಣ್ಣವಾ?"

ಯಜಮಾನರು ಬಗ್ಗಿ ನೋಡಿದರು. "ಊಂ ಕಣೆ. ಇದೇಯ."

"ಹಾಗಾದ್ರೆ ಅದು ರಕ್ತ ಅಲ್ಲ, ಸೊಪ್ಪಿನ ಬಣ್ಣ!" ಅಂದೆ. ಗೆದ್ದೆ ಅಂದುಕೊಂಡೆ. ಅತ್ತಿಗೆ ಬಿಡುತ್ತಾರಾ? "ನೋಡ್ದಾ, ನೋಡ್ದಾ! ಅಂಗಾರೆ ಪಾಯ್ಸದಲ್ಲೇ ಬೆರ್ಸವ್ರೆ ಅನ್ನದು ದಿಟ ಆಯ್ತಲ್ಲ! ನಡೀಲಾ, ಕಕ್ಕಿಸ್ಕ ಬರವಾ!" ಅಂತ ತಮ್ಮನ ರಟ್ಟೆ ಹಿಡಿದರು. ನನ್ನ ಬಕೆಟ್ ಅವರ ಕಡೆ ಸಾಕ್ಷಿ ಹೇಳಿತ್ತು.

ಆಗ ಒಳಗೆ ಫ್ರಿಜ್ ಬಾಗಿಲು ತೆಗೆದ ಸದ್ದು ಕೇಳಿಸಿತು. ಪವಿತ್ರ ರಾತ್ರಿ ತಿನ್ನದೆ ಎತ್ತಿಟ್ಟಿದ್ದ ಆ ಸ್ಟೀಲ್ ಡಬ್ಬಿ ಹಿಡಿದುಕೊಂಡು ನಡುಮನೆಗೆ ಬಂದಳು. ನಮ್ಮ ಮುಂದೆಯೇ ನೆಲದ ಮೇಲೆ ಕೂತು, ಮುಚ್ಚಳ ತೆಗೆದು, ತಿನ್ನತೊಡಗಿದಳು.

"ಅಯ್ಯೋ, ಬುಡೇ ಅದ! ತಿನ್ಬ್ಯಾಡ ಕಣೇ!" ಅತ್ತಿಗೆ ಓಡಿದರು. ಪವಿತ್ರ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು.

"ಅಪ್ಪಂಗೆ ಏನಾಗದೆಯೋ ಅದು ನಂಗೂ ಆಗ್ಲಿ ಅತ್ತೆ. ಕಕ್ಕಿಸೋದಾದ್ರೆ ಇಬ್ರಿಗೂ ಒಟ್ಟಿಗೇ ಕಕ್ಕಿಸಿ."

ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ತಿನ್ನುತ್ತಲೇ ಇತ್ತು. ನಿಜ ಹೇಳುತ್ತೇನೆ, ನನಗೆ ಅದು ಬರೀ ಬಣ್ಣ ಅಂತ ಗೊತ್ತಿತ್ತು. ಆದರೂ ಅವಳು ಒಂದೊಂದು ತುತ್ತು ನುಂಗುವಾಗಲೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಕಸ್ಮಾತ್ ಅತ್ತಿಗೆ ಹೇಳಿದ್ದೇ ನಿಜವಾದರೆ? ತಾಯಿಗೆ ಬುದ್ಧಿ ಒಂದು ಕಡೆ, ಕರುಳು ಒಂದು ಕಡೆ. ತಡೆಯಲು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡೆ. ಇಡೀ ವರ್ಷ ಒಂದು ಗಟ್ಟಿ ಮಾತು ಆಡದ ಹುಡುಗಿ ಈಗ ಆಡುತ್ತಿದ್ದಾಳೆ, ಆಡಲಿ ಅನ್ನಿಸಿತು.

ಮಗಳ ಹಟ ನೋಡಿ ಯಜಮಾನರ ಹೆದರಿಕೆ ತಿರುಗಿ ಅವಳ ಮೇಲೆ ಬಿತ್ತು. "ಆಸ್ಪತ್ರೆಗೇ ಹೋಗವಾ, ನಡೀರಿ" ಅಂತ ಅವರೇ ಎದ್ದರು. ಆಟೋದಲ್ಲಿ ಪಿರಿಯಾಪಟ್ಟಣ ಮುಟ್ಟುವವರೆಗೂ ಪವಿತ್ರ ಬಾಟಲಿಯಿಂದ ಗಟಗಟ ನೀರು ಕುಡಿಯುತ್ತಲೇ ಇದ್ದಳು.

ಕ್ಲಿನಿಕ್‌ನಲ್ಲಿ ಬಹಳ ಜನ ಇದ್ದರು, ನಮ್ಮ ಸರದಿ ಬರುವುದು ತಡವಾಯಿತು. ಬೆಂಚಿನ ಮೇಲೆ ಯಜಮಾನರು, ಪಕ್ಕದಲ್ಲಿ ಮಗಳು. ಅತ್ತಿಗೆ ಎದುರಿಗೆ ಕೂತು ಇಬ್ಬರ ಮುಖವನ್ನೂ ನೋಡುತ್ತಾ ಸೆರಗಿನ ತುದಿ ಹಿಂಡುತ್ತಿದ್ದರು. ನಡುವೆ ಎದ್ದು ಹೋದ ಪವಿತ್ರ ಬಾತ್‌ರೂಮಿನ ಬಾಗಿಲಿಂದಲೇ ಕೂಗಿದಳು. "ಅಪ್ಪಾ! ನಂಗೂ ಬಂತು!"

ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಪರೀಕ್ಷೆ ಪಾಸಾದವಳ ಹಾಗೆ ಅವಳ ಮುಖ ಅರಳಿತ್ತು. ಅತ್ತಿಗೆ ಹಣೆ ಚಚ್ಚಿಕೊಂಡರು. "ಇಬ್ರಿಗೂ ಬಿತ್ತಲ್ಲಪ್ಪಾ!"

ಡಾಕ್ಟರಮ್ಮ ಬಹಳ ವರ್ಷದಿಂದ ಅದೇ ಊರಲ್ಲಿ ಇದ್ದವರು. ಅಪ್ಪ ಮಗಳು ಹಿಡಿದುಕೊಟ್ಟ ಎರಡು ಶೀಶೆಯನ್ನೂ ಬೆಳಕಿಗೆ ಹಿಡಿದು ನೋಡಿ, ಕ್ಯಾಲೆಂಡರ್ ಕಡೆ ಒಂದು ಸಲ ನೋಡಿದರು. ತುಟಿ ಕಚ್ಚಿ ನಗು ತಡೆಯುತ್ತಿದ್ದರು.

"ನಿನ್ನೆ ಯಾರ ಮನೇಲಿ ಊಟ ಮಾಡಿದ್ರಿ?"

"ಬೀಗ್ರಾಗೋರ ಮನೇಲಿ" ಅಂದರು ಯಜಮಾನರು ತಲೆ ತಗ್ಗಿಸಿ.

"ಮದ್ದು ಪಾಯಸ ತಾನೇ? ಪ್ರತಿ ವರ್ಷ ಈ ದಿನ ಯಾರಾದ್ರೂ ಬರ್ತಾರೆ ನನ್ನ ಹತ್ರ. ಆ ಸೊಪ್ಪಿನ ಬಣ್ಣವೇ ಹಾಗೆ, ಮೈಯಲ್ಲಿ ಇಳಿದು ಆಚೆ ಬರುತ್ತೆ. ಆದ್ರೂ ಪರೀಕ್ಷೆ ಮಾಡೇ ಹೇಳ್ತೀನಿ, ಕೂತ್ಕೊಳ್ಳಿ."

ಪರೀಕ್ಷೆ ಆಯಿತು. ಇಬ್ಬರದರಲ್ಲೂ ರಕ್ತ ಇರಲಿಲ್ಲ. ಯಜಮಾನರು ಅಪ್ಪನ ಕಾಯಿಲೆಯ ಮಾತು ಹೇಳಿದಾಗ ಡಾಕ್ಟರಮ್ಮ ನಗಲಿಲ್ಲ. "ಬಂದಿದ್ದು ಒಳ್ಳೇದಾಯ್ತು. ಕೆಂಪು ಕಂಡ್ರೆ ತೋರಿಸ್ಕೊಳ್ಳೋದೇ ಸರಿ. ನಾಳೆನೂ ಹೀಗೇ ಇದ್ರೆ ಮತ್ತೆ ಬನ್ನಿ" ಅಂದರು. ಅತ್ತಿಗೆ ಮೆತ್ತಗೆ ಕೇಳಿದರು. "ಕಕ್ಕಿಸೋದು ಬ್ಯಾಡ್ವಾ, ಮೇಡಂ?" "ಅಷ್ಟು ಒಳ್ಳೆ ಪಾಯಸ ಯಾಕಮ್ಮ ಕಕ್ಕಿಸ್ತೀರಿ!" ಅಂದರು ಅವರು.

ಆಚೆ ಬಂದು ಬೇವಿನ ಮರದ ಕೆಳಗೆ ನಿಂತು ಯಜಮಾನರು ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಆಮೇಲೆ ಮಗಳ ತಲೆ ಮೇಲೆ ಕೈ ಇಟ್ಟರು. "ಎಲ್ಲಾನೂ ತಿಂದ್ಬುಟ್ಯಲ್ಲೇ, ಒಸಿ ಮಡಗ್ಬಾರ್ದಾ ನಂಗೆ" ಅಂದರು. ಅವಳು ಅಪ್ಪನ ಎದೆಗೆ ಒರಗಿಬಿಟ್ಟಳು.

ಸಂತೋಷ ಮನೆ ಬಾಗಿಲವರೆಗೂ ಇತ್ತು. ಜಗುಲಿಯ ಮೇಲೆ ಚೆಲುವೇಗೌಡರು, ಕಾವೇರಮ್ಮ, ಮಧು ಕೂತಿದ್ದರು. ಫೋನ್ ಬಂದ ತಕ್ಷಣ ಹೊರಟು ಬಂದಿದ್ದರು. ನೀರೂ ಕೇಳದೆ ಕೂತಿದ್ದ ಅವರ ಮುಖ ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಚೆಲುವೇಗೌಡರು ಎದ್ದು ಕೈ ಮುಗಿದರು. "ನಮ್ ಕಡೆಯಿಂದ ಏನ್ ತಪ್ಪಾಯ್ತು ಅಂತ ಹೇಳ್ಬುಡಿ ರಾಜಣ್ಣೋರೆ. ಸಂಬಂಧ ಬ್ಯಾಡ ಅಂದ್ರೆ ಬ್ಯಾಡ. ಆದ್ರೆ 'ನಿಮ್ಗೇ ಗೊತ್ತು' ಅಂದ್ರಲ್ಲ, ನಮ್ಗೆ ದೇವ್ರಾಣೆ ಗೊತ್ತಿಲ್ಲ."

ಯಜಮಾನರಾದರೂ ಹೇಗೆ ಹೇಳಿಯಾರು? ಹೊಸ ಬೀಗರ ಮುಂದೆ, ಹೆಂಗಸರ ಮುಂದೆ, ಒಂದಕ್ಕೆ ಹೋದ ಬಣ್ಣದ ಮಾತು! ಹಟ್ಟಿಯ ಕೋಳಿ ನೋಡಿದರು, ಆಕಾಶ ನೋಡಿದರು, ನನ್ನನ್ನು ನೋಡಿದರು. ನಾನೂ ಸೆರಗು ಬಾಯಿಗಿಟ್ಟುಕೊಂಡೆ. ಅಷ್ಟರಲ್ಲಿ ಕಾವೇರಮ್ಮ ಎದ್ದು ನಿಂತರು. ಅವರ ಮುಖ ಕೆಂಪಾಗಿತ್ತು.

"ಅಣ್ಣ... ಬೆಳಿಗ್ಗೆ ಬಣ್ಣ ನೋಡಿ ಹೆದರಿದ್ರಾ?"

"ಊಂ" ಅಂದರು ಯಜಮಾನರು, ಮಗುವಿನ ಹಾಗೆ.

ಕಾವೇರಮ್ಮ ಗಂಡನ ಕಡೆ ತಿರುಗಿದರು. "ಹೇಳಿ ಅಂದಿದ್ದೆ ತಾನೇ ನಿಮಗೆ! ಗಂಡಸರಿಗೆ ನಾನು ಹೇಗೆ ಹೇಳ್ಲಿ ಅಂತ ನಿಮಗೆ ಹೇಳಿದ್ದೆ!"

"ಮೊದಲ್ನೇ ಸಲ ಮನೆಗ್ ಬಂದೋರ್ ತಾವ ಅದ್ನ ಎಂಗೇಳದು? ಮಧುಗೆ ಹೇಳು ಅಂದಿದ್ದೆ" ಅಂದರು ಗೌಡರು.

ಮಧು ನೆಲ ನೋಡುತ್ತಾ, "ಮಾವಂಗೆ ನಾನ್ ಎಂಗ್ ಹೇಳ್ಲಪ್ಪಾ? ಅವ್ವ ಅಡಿಗೆಮನೇಲಿ ಹೆಂಗಸ್ರಿಗೆ ಹೇಳಿರ್ತಾಳೆ ಅಂದ್ಕಂಡೆ" ಅಂದ.

ಮೊದಲು ನಕ್ಕದ್ದು ಯಾರು ಅಂದರೆ ಅತ್ತಿಗೆ. ಆ ಅನುಮಾನದ ಮುಖ ಒಡೆದು, ಹೊಟ್ಟೆ ಹಿಡಿದುಕೊಂಡು ಜಗುಲಿಯ ಮೇಲೆ ಕೂತುಬಿಟ್ಟರು. ಆಮೇಲೆ ಎಲ್ಲರೂ. ಪವಿತ್ರ ಕಂಬದ ಹಿಂದೆ ನಿಂತು ಒಂದೇ ಸಮ ನಗುತ್ತಿದ್ದಳು. ನಗು ನಿಂತ ಮೇಲೆ ಯಜಮಾನರು ಹೇಳಿದರು. "ಅಲ್ಲ ಕಣ್ರೀ, ಇಷ್ಟು ಹೇಳಕ್ಕೆ ನಾವ್ ನಾವೇ ನಾಚ್ಕಂಡ್ರೆ ನಾಳೆ ಕಷ್ಟ ಸುಖ ಎಂಗೆ ಹೇಳ್ಕಳದು? ಒಳಕ್ ಬನ್ನಿ ಬೀಗ್ರೆ." ಬೀಗ್ರೆ ಅನ್ನುವ ಆ ಒಂದು ಮಾತಿಗೆ ನನ್ನ ಮಗಳು ಒಂದು ವರ್ಷ ಕಾದಿದ್ದಳು. ಅಳು ತಡೆಯಲಾಗದೆ ನಾನು ಕಾಫಿಯ ನೆವದಲ್ಲಿ ಅಡುಗೆಮನೆಗೆ ಓಡಿದೆ.

ಮುಂದಿನ ಬೇಸಿಗೆಯಲ್ಲಿ ಮದುವೆಯಾಯಿತು. ಬೀಗಿತ್ತಿ ನನಗೆ ಒದ್ದೆ ಗೋಣಿಯಲ್ಲಿ ಸುತ್ತಿ ಮದ್ದು ಸೊಪ್ಪಿನ ಕಡ್ಡಿಗಳನ್ನು ತಂದುಕೊಟ್ಟರು. ನಮ್ಮ ಬ್ಯಾರನ್ ಹಿಂದೆ ಹಲಸಿನ ಮರದ ನೆರಳಲ್ಲಿ ನೆಟ್ಟೆ. ಬಿಸಿಲಿನ ಊರಲ್ಲಿ ಹಿಡಿಯುತ್ತದೋ ಇಲ್ಲವೋ ಅಂತ ದಿನಾ ಹೋಗಿ ನೋಡುತ್ತಿದ್ದೆ. ಹಿಡಿಯಿತು. ಈಗ ನನ್ನ ಸೊಂಟಕ್ಕೆ ಬರುತ್ತದೆ. ಕಕ್ಕಡ ಹದಿನೆಂಟಕ್ಕೆ ಎರಡೂ ಮನೆಯವರು ನಮ್ಮಲ್ಲೇ ಸೇರುತ್ತೇವೆ. ಅಂದು ಆ ಮಾತು ಆಡಲು ಬಾಯಿ ಬಾರದ ಯಜಮಾನರು ಈಗ ಎಲೆ ಮುಂದೆ ಕೂತವರಿಗೆಲ್ಲ ಊರಿಗೇ ಕೇಳುವ ಹಾಗೆ ಸಾರುತ್ತಾರೆ: "ನಾಳೆ ಬೆಳಿಗ್ಗೆ ಕೆಂಪಗೋಯ್ತದೆ, ಯಾರೂ ಎದರ್ಬ್ಯಾಡಿ!" ಕಾಡುಗಿಡ ಯಾರು ಕೊಳ್ಳುತ್ತಾರೆ ಅಂದವರು ಈಗ ಅಳಿಯನ ನರ್ಸರಿಯಿಂದ ಹೊನ್ನೆ ಸಸಿ ತಂದು ಬದುವಿನ ಮೇಲೆಲ್ಲ ನೆಟ್ಟಿದ್ದಾರೆ.

ಒಂದು ಮಾತು ಮನಸ್ಸು ಬಿಚ್ಚಿ ಹೇಳದೆ ಉಳಿದಿದ್ದರೆ ಎಂಥ ಒಳ್ಳೆಯ ಸಂಬಂಧ ಕೈ ತಪ್ಪುತ್ತಿತ್ತಲ್ಲ ಅಂತ ಈಗಲೂ ನೆನೆಯುತ್ತೇನೆ. ಅದಕ್ಕೇ ಈಗ ನಾಚಿಕೆ ಆದರೂ ಸರಿ, ಹೇಳಿಬಿಡುತ್ತೇನೆ.

ಕಳೆದ ವರ್ಷದ ಪಾಯಸಕ್ಕೆ ಅತ್ತಿಗೆಯೂ ಬಂದಿದ್ದರು. ಎಲ್ಲರೂ ತಿನ್ನುವವರೆಗೂ ಸುಮ್ಮನಿದ್ದು, ಕಡೆಗೆ ಬಟ್ಟಲನ್ನು ಮುಂದೆ ತಳ್ಳಿ, "ನಂಗೂ ಒಸಿ ಹಾಕು" ಅಂದರು. ಒಸಿ ಅಂದವರು ಪಾತ್ರೆಯ ತಳ ಕಾಣಿಸಿ ಸಂಜೆ ಬಸ್ಸಿಗೆ ಕೆ.ಆರ್. ನಗರಕ್ಕೆ ಹೋದರು. ಮಾರನೇ ದಿನ ನಾನು ಬಾಗಿಲಿಗೆ ನೀರು ಹಾಕುತ್ತಿರುವಾಗಲೇ ಫೋನ್ ಬಂತು. ಆ ಕಡೆಯಿಂದ ಅತ್ತಿಗೆಯ ಸಂಭ್ರಮದ ದನಿ.

"ಲೇ ಸರೋಜಾ, ನಂಗೂ ಬಂತು ಕಣೇ!"